ತುಂಬಿಯೇ ಮರಳಿದ ಮಡಕೆ

“ಅವ್ವಾ, ಮಾತೆತ್ತಿದರೆ ತಪ್ಪು ಹಿಡಿಯುವವರ ನಡುವೆ ಕಲಿಯುವುದು ಹೇಗೆ?” ಎಂದು ಶಿಷ್ಯ ಕೇಳಿದ.

ಅವನು ಪದ ಕಟ್ಟಿ ಹಾಡುವವನು. ಒಮ್ಮೆ ಗುರು ತಿದ್ದಿದಳೆಂದು ಎರಡು ದಿನ ಊಟ ಬಿಟ್ಟು ಕೂತವನು. ಊರೂರು ತಿರುಗಿ ಮಾಗಿದ ಆ ಗುರುವನ್ನು ಶಿಷ್ಯರೆಲ್ಲ ಅವ್ವ ಎಂದೇ ಕರೆಯುತ್ತಿದ್ದರು.

“ಜೊತೆಯವರಲ್ಲಿ ಒಬ್ಬನಿಗೆ ನನ್ನ ತಾಳ ತಪ್ಪು, ಇನ್ನೊಬ್ಬನಿಗೆ ನನ್ನ ಮಾತು ಹೆಚ್ಚು. ನೀವೊಬ್ಬರೇ ಮೊದಲ ನುಡಿ ಕೇಳಿದ ಕೂಡಲೇ ‘ಚೆನ್ನಾಗಿದೆ’ ಎಂದು ಎದ್ದು ಹೋಗುತ್ತೀರಿ. ಅವರಿಗೂ ಒಂದು ಮಾತು ಹೇಳಿ.”

“ಕೂತುಕೋ. ಹೆಂಡದ ಕತೆಯೊಂದಿದೆ.”

“ಹೆಂಡದ್ದೇ?”

“ಕೇಳಿದರೆ ತಲೆಗೇರುವುದಿಲ್ಲ, ಹೆದರಬೇಡ,” ಎಂದು ಅವ್ವ ಶುರುಮಾಡಿದಳು.

ಬೆಟ್ಟದ ಮೇಲೆ ಒಂದು ಊರು. ಅಲ್ಲಿ ಮನೆಮನೆಯ ಹೆಂಗಸರೂ ರಾಗಿ ಹೆಂಡ ಹಾಕುತ್ತಿದ್ದರು. ಸುಗ್ಗಿ ಮುಗಿದ ಮೇಲೆ ಒಂದು ದಿನ ಎಲ್ಲರ ಮಡಕೆಗಳೂ ಊರ ಕಟ್ಟೆಗೆ ಬರುತ್ತಿದ್ದವು. ರುಚಿ ನೋಡುವವರೂ ಆ ಹೆಂಗಸರೇ. ಸಂಜೆಗೆ ಯಾರ ಮಡಕೆ ಬರಿದಾಯಿತೋ ಅವರು ತಮ್ಮ ಮನೆಯ ಮದುವೆಗೆ ತಾವೇ ಹೆಂಡ ಹಾಕಬಹುದು. ಉಳಿದವರು ಇನ್ನೊಬ್ಬರ ಬಾಗಿಲಿಗೆ ಹೋಗಿ ಕೇಳಿ ತರಬೇಕು.

ಅಲ್ಲೊಬ್ಬ ತಾಯಿ. ಮುಂದಿನ ವರ್ಷ ಮಗಳ ಮದುವೆ. ಮಗಳ ಮದುವೆಗೆ ತನ್ನ ಕೈಯ ಹೆಂಡವೇ ಆಗಬೇಕೆಂದು ಅವಳ ಆಸೆ. ಅವಳ ಮಡಕೆಯಿಂದ ಒಂದೊಂದು ಗುಟುಕು ಕುಡಿದ ಎಲ್ಲರೂ “ಭಾರಿ ಚೆನ್ನಾಗಿದೆ” ಎಂದು ಬಟ್ಟಲು ಕೆಳಗಿಟ್ಟರು. ಪಕ್ಕದ ಮಡಕೆಯವಳಿಗೆ ಮಾತ್ರ ಬೈಗುಳದ ಸುರಿಮಳೆ. “ಸಿಹಿ ಜಾಸ್ತಿಯಾಯಿತು,” “ರಾಗಿಯ ಮೊಳಕೆ ಬಿಸಿಲು ಕಂಡಿಲ್ಲ,” ಎನ್ನುತ್ತಲೇ ಮತ್ತೆ ಮತ್ತೆ ಬಟ್ಟಲು ಒಡ್ಡಿದರು. ಸಂಜೆಗೆ ಆ ಮಡಕೆ ಬರಿದು. ತಾಯಿಯದು ತುಂಬಿದ್ದು ತುಂಬಿದಂತೆಯೇ ಮನೆಗೆ ಮರಳಿತು.

ತಾಯಿ ಅದರಿಂದ ಒಂದು ಚೊಂಬು ತುಂಬಿಕೊಂಡು ಸೀದಾ ಊರಿನ ಹಿರಿಯ ಮುದುಕಿಯ ಮನೆಗೆ ಹೋದಳು. “ಇದೇನಜ್ಜಿ ನ್ಯಾಯ? ಹೊಗಳಿದ್ದು ನನ್ನನ್ನು, ಕುಡಿದದ್ದು ಅವಳದ್ದು!”

“ಮೂರು ವರ್ಷದ ಹಿಂದೆ ಹುಳಿ ಎಂದದ್ದಕ್ಕೆ ನನ್ನ ಕೈಯ ಬಟ್ಟಲು ಕಸಿದುಕೊಂಡೆಯಲ್ಲೇ ಮಾರಾಯ್ತಿ,” ಎಂದಳು ಮುದುಕಿ. “ಅವತ್ತಿನಿಂದ ಊರೆಲ್ಲ ನಿನ್ನನ್ನು ಹೊಗಳುತ್ತಿದೆ. ಮೊದಲು ಸದಾ ನಿನ್ನ ಬಾಯಲ್ಲಿರುವ ಆ ಎಲೆಅಡಿಕೆ ಉಗುಳಿ ಬಾ. ನಿನ್ನದನ್ನೂ ಕುಡಿ, ನನ್ನದನ್ನೂ ಕುಡಿ.”

ತಾಯಿ ಬಾಯಿ ಮುಕ್ಕಳಿಸಿ ಬಂದು ಎರಡನ್ನೂ ಕುಡಿದಳು. ತನ್ನದನ್ನು ನುಂಗಲಾರದೆ ಮುಖ ಕಿವುಚಿದಳು. ಇಷ್ಟು ವರ್ಷ ಅವಳು ರುಚಿ ನೋಡಿದ್ದು ತನ್ನ ಎಲೆಅಡಿಕೆಯನ್ನೇ!

ಮರುದಿನದಿಂದ ಅವಳು ಬಟ್ಟಲು ಹಿಡಿದು ಮನೆಮನೆ ತಿರುಗಿದಳು. ಹೇಗಿದೆ ಎಂದು ಕೇಳಲಿಲ್ಲ, ಏನು ಕೆಟ್ಟಿದೆ ಎಂದು ಕೇಳಿದಳು. ಗಂಜಿ ಆರುವ ಮೊದಲೇ ಹೆಪ್ಪು ಹಾಕುತ್ತೀ ಎಂದಳು ಒಬ್ಬಳು. ಮಡಕೆಯನ್ನು ಒಲೆಯ ಪಕ್ಕ ಇಡುತ್ತೀ, ಹೊಗೆ ವಾಸನೆ ಎಂದಳು ಇನ್ನೊಬ್ಬಳು. ಒಂದೊಂದು ಸಲಕ್ಕೆ ಒಂದೊಂದನ್ನೇ ತಿದ್ದಿ, ಪ್ರತಿ ಸಲವೂ ಕುಡಿದು ನೋಡಿದಳು. ಎರಡು ಮಡಕೆ ಹೆಂಡ ಎಮ್ಮೆಗೆ ಹೋಯಿತು. ಎಮ್ಮೆಯೇನೂ ದೂರಲಿಲ್ಲ.

ಮತ್ತೆ ಸುಗ್ಗಿ ಮುಗಿಯಿತು. ಮೊದಲ ಗುಟುಕು ಕುಡಿದ ಮುದುಕಿ, “ಇನ್ನೊಂದು ದಿನ ಬಿಡಬೇಕಿತ್ತು, ಅವಸರಗೇಡಿ,” ಎಂದಳು. ಈ ಸಲ ತಾಯಿ ಬಟ್ಟಲು ಕಸಿಯಲಿಲ್ಲ. ಮುದುಕಿ ಬಟ್ಟಲನ್ನು ಮತ್ತೆ ಚಾಚಿದಳು. ಆಮೇಲೆ ಒಬ್ಬೊಬ್ಬರೂ ಬೈದರು, ಬೈದು ಬೈದು ಕುಡಿದರು. ಸಂಜೆ ತಾಯಿ ಮಡಕೆಯನ್ನು ಬೋರಲು ಹಾಕಿದಳು. ಒಂದು ಹನಿಯೂ ಬೀಳಲಿಲ್ಲ. ಮಗಳನ್ನು ತಬ್ಬಿಕೊಂಡು ನಕ್ಕಳು.

ಕತೆ ಕೇಳಿ ಶಿಷ್ಯನೂ ಹೊಟ್ಟೆ ಹಿಡಿದು ನಕ್ಕ. “ಬೈಗುಳವೆಂದರೆ ಬಟ್ಟಲು ಇನ್ನೂ ಕೈಯಲ್ಲಿದೆ ಎಂದರ್ಥ, ಅಲ್ಲವೇ ಅವ್ವಾ?”

ಅವ್ವ ನಗುತ್ತಲೇ ಕೇಳಿದಳು: “ನಿನ್ನ ಮೊದಲ ನುಡಿಗೇ ನಾನು ಎದ್ದು ಹೋಗುತ್ತಿದ್ದುದು ಯಾಕೆ, ಮಗಾ?”