ದಿನಕ್ಕೆ ಎಂಟು ಓಲೆ

ಮಠದ ಜಗಲಿಯಲ್ಲಿ ಕೈಮುಗಿದು ಕುಳಿತ ನಿಜಗುಣ ಕೇಳಿದ: “ಗುರುಗಳೇ, ಕ್ರಿಪ್ಟೊ ನಾಣ್ಯದ ವ್ಯವಹಾರವನ್ನು ಸಾವಿರಾರು ಜನ ತಮ್ಮ ತಮ್ಮ ಕಂಪ್ಯೂಟರಿನಲ್ಲಿ ಬರೆದಿಟ್ಟುಕೊಳ್ಳುತ್ತಾರೆ. ಒಂದು ಸಲಕ್ಕೆ ಬರೆಯುವ ಕಂತೆಗೆ ಬ್ಲಾಕ್ ಎನ್ನುತ್ತಾರೆ. ವ್ಯವಹಾರ ಹೆಚ್ಚಿ ಅದು ಈಗ ಸಾಲುತ್ತಿಲ್ಲ. ನಾನು ನನ್ನ ಬಲವಾದ ಯಂತ್ರಗಳಲ್ಲೇ ಒಂದು ಪುಟ್ಟ ಜಾಲ ಕಟ್ಟಿ, ಬ್ಲಾಕನ್ನು ಎಂಟು ಪಟ್ಟು ಹಿಗ್ಗಿಸಿ ನೋಡಿದೆ. ಒಂದೂ ತೊಡಕಾಗಲಿಲ್ಲ. ಎಲ್ಲರೂ ಹಾಗೇ ಮಾಡಿ ಎಂದು ನಾಳೆ ಹೇಳಿಬಿಡಲೇ?”

“ಭಲೇ! ಪರೀಕ್ಷಿಸಿ ನೋಡಿದೆಯಲ್ಲ, ಒಳ್ಳೆಯದಾಯಿತು,” ಎಂದು ಗುರುಗಳು ನಕ್ಕರು. “ಒಬ್ಬ ರೈತನೂ ಹೀಗೇ ಮಾಡಿದ, ಕೇಳು.”

ಕಾಲುವೆಯ ಕೆಳಗೆ ಒಂದು ಊರು. ಯಾರು ಯಾರಿಗೆ ನೀರಿನ ಸರದಿ ಬಿಟ್ಟುಕೊಟ್ಟರು ಎಂಬುದನ್ನು ದಿನಾ ಮಧ್ಯಾಹ್ನ ಕಟ್ಟೆಯ ಮೇಲೆ ಓದಿ ಹೇಳುತ್ತಿದ್ದರು. ನಲವತ್ತು ಮನೆಯವರೂ ಅದನ್ನು ತಮ್ಮ ತಮ್ಮ ಓಲೆಯಲ್ಲಿ ಬರೆದುಕೊಳ್ಳುತ್ತಿದ್ದರು. ಹೆಚ್ಚು ಓಲೆಗಳಲ್ಲಿ ಇದ್ದದ್ದೇ ಸರಿ; ಗೌಡನನ್ನೂ ನಂಬಬೇಕಿಲ್ಲ, ಶಾನುಭೋಗನನ್ನೂ ನಂಬಬೇಕಿಲ್ಲ. ದಿನಕ್ಕೆ ಒಂದೇ ಓಲೆ ಎಂಬುದು ಕಟ್ಟಳೆ.

ಊರು ಬೆಳೆಯಿತು, ಒಂದು ಓಲೆ ಸಾಲದಾಯಿತು. ಈ ರೈತ ತನಗೆ ಸಿಕ್ಕ ಸರದಿ ಬರೆಸಲು ಐದು ದಿನ ಕಾದ; ಬರೆಯದೆ ನೀರು ಬಿಡುವಂತಿರಲಿಲ್ಲ. ಕಣ್ಣೆದುರೇ ಭತ್ತದ ಸಸಿ ಬಾಡಿತು. ಪಾಪ, ಹೊಟ್ಟೆ ಉರಿಯದೆ ಇರುತ್ತದೆಯೇ? ದಿನಕ್ಕೆ ಎಂಟು ಓಲೆ ಓದೋಣ ಎಂದ. ಬರೀ ಬಾಯಿಮಾತಿಗೆ ನಿಲ್ಲಿಸಲಿಲ್ಲ. ತಮ್ಮಂದಿರನ್ನೂ ಗೆಳೆಯರನ್ನೂ ಅಂಗಳದಲ್ಲಿ ಕೂರಿಸಿ, ಇಲ್ಲದ ಸರದಿಗಳನ್ನು ಹೊಸೆದು, ಏಳು ದಿನ ಎಂಟೆಂಟು ಓಲೆ ಓದಿದ. ಒಬ್ಬರೂ ಒಂದಕ್ಷರ ಬಿಡಲಿಲ್ಲ. ಊರು ಒಪ್ಪಿತು.

ಅವನ ಗದ್ದೆಯ ಪಕ್ಕದಲ್ಲೇ ಒಬ್ಬ ಮುದುಕಿಯ ತುಂಡು ಹೊಲ. ಕೈ ನಡುಗುತ್ತಿದ್ದರೂ ದಿನದ ಓಲೆ ತಪ್ಪಿಸಿದವಳಲ್ಲ. ಎಂಟಾದ ನಾಲ್ಕನೆಯ ದಿನ ಅಯ್ಯೋ ಸಾಕಪ್ಪ ಎಂದು ಬರೆಯುವುದನ್ನು ಬಿಟ್ಟಳು. ಗೇಯಲು ಹೊತ್ತು ಸಾಲದೆ ಉಳಿದವರೂ ಒಬ್ಬೊಬ್ಬರಾಗಿ ಕೈಬಿಟ್ಟರು. ವರ್ಷ ತುಂಬುವಷ್ಟರಲ್ಲಿ ಬರೆಯುವ ಮನೆ ನಾಲ್ಕೇ ಉಳಿದವು. ರೈತನದೊಂದು, ದೊಡ್ಡ ಜಮೀನಿನವರದು ಮೂರು.

ಒಂದು ದಿನ ನೋಡಿದರೆ ಆ ಮೂರು ಮನೆಯ ಓಲೆಗಳಲ್ಲಿ ಮುದುಕಿಯ ಸರದಿ ಅವರ ಹೆಸರಿಗೆ ಬಂದಿತ್ತು.

“ನಾನು ಬಿಟ್ಟುಕೊಟ್ಟಿಲ್ಲ ಕಣಪ್ಪಾ,” ಎಂದು ಮುದುಕಿ ಅತ್ತಳು.

“ನನ್ನ ಓಲೆಯಲ್ಲಿ ಹಾಗೆ ಇಲ್ಲವೇ ಇಲ್ಲ,” ಎಂದು ರೈತ ಎದ್ದು ನಿಂತ.

ಮೂರು ಓಲೆಯ ಎದುರು ಒಂದು ಓಲೆಯನ್ನು ಯಾರು ಕೇಳುತ್ತಾರೆ? ರೈತ ಊರಿಗೆ ಒಳ್ಳೆಯದನ್ನೇ ಬಯಸಿದ್ದ. ಅವತ್ತಿನಿಂದ ತನ್ನ ಪಾಲಿನ ನೀರಿನಲ್ಲಿ ಅರ್ಧವನ್ನು ಮುದುಕಿಯ ಹೊಲಕ್ಕೆ ತಿರುಗಿಸಿದ. ಆದರೆ ಅವಳ ಸರದಿ ಅವಳಿಗೆ ಮರಳಿ ಬರಲಿಲ್ಲ.

ಇಲ್ಲಿಗೆ ಗುರುಗಳು ಕಥೆ ಮುಗಿಸಿದರು. ನಿಜಗುಣನಿಗೆ ಸಂಕಟವಾಯಿತು.

“ಅವನು ಪರೀಕ್ಷೆ ಮಾಡಿಯೇ ಹೇಳಿದನಲ್ಲ ಗುರುಗಳೇ? ಅವನ ತಪ್ಪೇನು?”

“ಅಂಗಳದಲ್ಲಿ ಅವನು ಮುದುಕಿಯನ್ನು ಕೂರಿಸಲಿಲ್ಲ, ನಿನ್ನ ಜಾಲದಲ್ಲಿ ನೀನು ಕೂರಿಸಿದ್ದೆಯೇನಪ್ಪಾ?”