ಹೊಂಡಕ್ಕೆ ಬಿಟ್ಟ ಮೀನು

"ಗುರುಗಳೇ, ನನಗೆ ಹಾಡು ಕಲಿಯುವ ಆಸೆಯಿದೆ, ವೈದ್ಯ ಕಲಿಯುವ ಆಸೆಯಿದೆ, ಊರೂರು ಸುತ್ತುವ ಆಸೆಯೂ ಇದೆ. ಒಂದನ್ನೂ ಕೈಬಿಡದೆ ಸಾಕಿಕೊಂಡು ಬಂದಿದ್ದೇನೆ. ಒಂದೂ ಬೆಳೆಯಲಿಲ್ಲವಲ್ಲ, ಯಾಕೆ?" ಎಂದು ಶಿಷ್ಯ ಚೆನ್ನವೀರ ಕೇಳಿದ.

"ಸಾಕಿದೆಯಾ? ಸರಿಹೋಯಿತು. ಕೇಳು" ಎಂದು ಗುರುಗಳು ಶುರುಮಾಡಿದರು.

ಒಬ್ಬ ಬೆಸ್ತನಿದ್ದ. ಮನೆಯ ಹಿಂದೆ ಅವನದೇ ಒಂದು ಹೊಂಡ. ಒಂದು ಕಾಲಕ್ಕೆ ಅಲ್ಲಿ ಮೊಳದುದ್ದದ ಮೀನು ಗಾಳಕ್ಕೆ ಬೀಳುತ್ತಿತ್ತು. ಈಗ ಬೀಳುವುದೆಲ್ಲ ಬೆರಳುದ್ದದ್ದು. "ಅಯ್ಯೋ ಪಾಪ, ಮರಿಗಳು, ಬೆಳೆದುಕೊಳ್ಳಲಿ" ಎಂದು ಒಂದೊಂದನ್ನೂ ಬಿಡಿಸಿ ನೀರಿಗೇ ಬಿಡುತ್ತಿದ್ದ.

ದೂರದೂರಿಗೆ ಕೊಟ್ಟಿದ್ದ ಮಗಳು ಬಸುರಾದಳು. ಅವಳು ಹೇಳಿಕಳಿಸಿದ ಬಯಕೆ ಒಂದೇ: ನಮ್ಮ ಹೊಂಡದ ದೊಡ್ಡ ಮೀನು, ಅಪ್ಪನೇ ಹಿಡಿದದ್ದು. ಬೆಸ್ತನ ಜೀವ ತಡೆಯಲಿಲ್ಲ. ಬೆಳಗಾದರೆ ಗಾಳ ಹಿಡಿದು ಕೂರುತ್ತಿದ್ದ. ತಾಯಿಯಿಲ್ಲದ ಹುಡುಗಿ, ಬಾಯಿಬಿಟ್ಟು ಕೇಳಿದ್ದು ಇದೊಂದನ್ನೇ. ಇದನ್ನೂ ಕೊಡಲಾಗದ ನಾನೆಂಥ ಅಪ್ಪ ಎಂದು ಕೊರಗಿದ. ಬಿದ್ದದ್ದು ಮತ್ತದೇ ಬೆರಳುದ್ದದ್ದು. ಅಂಥ ಸಂಕಟದಲ್ಲೂ ಮರಿಯನ್ನು ಕೊಲ್ಲಲು ಮನಸ್ಸು ಬಾರದೆ ಬಿಟ್ಟುಬಿಟ್ಟ.

ಒಂದು ದಿನ ಅವನ ಅಕ್ಕ ಬಂದಳು. ಅವನು ಬಿಡಲು ಹೊರಟಿದ್ದ ಮೀನನ್ನು ಕಸಿದುಕೊಂಡು ಹೊಟ್ಟೆ ಸೀಳಿದಳು. ಒಳಗೆಲ್ಲ ಮೊಟ್ಟೆ.

"ಮರಿಯಂತೆ ಮರಿ! ಇದು ಎಷ್ಟು ಸಲ ಹೆತ್ತಿದೆಯೋ! ಹೊಟ್ಟೆಗಿಲ್ಲದೆ ಹೀಗಿದೆ ಕಣೋ. ಇದ್ದಷ್ಟು ಮೇವಿಗೆ ಇಷ್ಟೊಂದು ಬಾಯಿಯಾದರೆ ಯಾವುದು ತಾನೇ ಬೆಳೆದೀತು? ನಿನ್ನ ಕರುಣೆಗಿಷ್ಟು ಬೆಂಕಿ ಹಾಕ! ಬಲೆ ತಾ."

"ನಾನೇ ಉಳಿಸಿದವು, ಅಕ್ಕಾ" ಎಂದು ಬೆಸ್ತ ಕಣ್ಣೀರು ಹಾಕಿದ. ಅಳುತ್ತಲೇ ಬಲೆ ಬೀಸಿದ. ಕೇರಿಯವರೆಲ್ಲ ಬುಟ್ಟಿ ತುಂಬ ಒಯ್ದು ಸಾರು ಮಾಡಿಕೊಂಡರು. ನೀರಿನಲ್ಲಿ ಉಳಿದ ಕೆಲವು ಮಾತ್ರ ಹೊಟ್ಟೆತುಂಬ ತಿಂದು ಮೈತುಂಬಿಕೊಂಡವು.

ಆದರೆ ಮೊಳದುದ್ದದ ಮೀನು ಗಾಳಕ್ಕೆ ಬೀಳುವ ಹೊತ್ತಿಗೆ ಮಗಳ ಕೂಸು ನಡೆದಾಡುತ್ತಿತ್ತು. ಆದರೂ ಬೆಸ್ತ ಅದನ್ನು ಹೊತ್ತುಕೊಂಡು ಮಗಳ ಊರಿಗೆ ಹೋದ. ಅವಳು ಸಾರು ಮಾಡಿ ಅಪ್ಪನಿಗೂ ಬಡಿಸಿ ಊಟಕ್ಕೆ ಕೂತಳು. "ಚೆನ್ನಾಗಿದೆಯಪ್ಪಾ. ಆಗ ಎಷ್ಟು ಬೇಕು ಅನಿಸಿತ್ತು, ಗೊತ್ತಾ?" ಎಂದಳು.

ಗುರುಗಳು ಕತೆ ನಿಲ್ಲಿಸಿದರು.

"ಛೇ, ಮೊದಲೇ ಬಲೆ ಬೀಸಬಾರದಿತ್ತೇ ಅವನು?" ಎಂದ ಚೆನ್ನವೀರ.

"ಹಾಗಾದರೆ ಹೇಳಪ್ಪಾ, ನಿನ್ನ ಆಸೆಗಳಲ್ಲಿ ಇವತ್ತು ಯಾವುದನ್ನು ಸಾರಿಗೆ ಹಾಕೋಣ?"