ಹದ ಒಲ್ಲದ ಕತ್ತಿ

ಕೆಂಪಗೆ ಕಾಯಿಸಿ ಆಗಷ್ಟೇ ನೀರಿಗೆ ಅದ್ದಿ ತೆಗೆದಿದ್ದ ಹೊಸ ಕತ್ತಿಗೆ ಒಂದು ಗಳಿಗೆಯೂ ಸಮಾಧಾನವಿರಲಿಲ್ಲ. ಹೊರಗೆ ದಂಡು ಹೊರಡುವ ನಗಾರಿ ಬಡಿಯುತ್ತಿತ್ತು. ಇಕ್ಕಳ ಮಾತ್ರ ಕತ್ತಿಯನ್ನು ಹಿಡಿದು ಮತ್ತೆ ಕುಲುಮೆಯತ್ತ ಒಯ್ದಿತು.

“ಮತ್ತೆ ಬೆಂಕಿಯೇ? ಬೆಂದೆ, ಪೆಟ್ಟು ತಿಂದೆ, ನೀರಲ್ಲೂ ಮುಳುಗಿದೆ. ನನ್ನಷ್ಟು ಗಟ್ಟಿ ಇಲ್ಲಿ ಇನ್ಯಾರಿದ್ದಾರೆ?”

“ಗಟ್ಟಿಯೇನೋ ಆಗಿದ್ದೀಯ, ಬಾಗಲು ಇನ್ನೂ ಕಲಿತಿಲ್ಲ. ಸಣ್ಣ ಉರಿಯಲ್ಲಿ ಸ್ವಲ್ಪ ಹೊತ್ತು ಇದ್ದರೆ ಹದ ಬರುತ್ತದೆ,” ಎಂದಿತು ಇಕ್ಕಳ.

“ಅಷ್ಟರಲ್ಲಿ ಯುದ್ಧವೇ ಮುಗಿದಿರುತ್ತದೆ, ಬಿಡು ನನ್ನನ್ನು!” ಎಂದು ಕತ್ತಿ ಕೊಸರಿಕೊಂಡು ಕೆಳಕ್ಕೆ ಹಾರಿತು. ಕಬ್ಬಿಣ ತಟ್ಟುವ ಅಡಿಗಲ್ಲಿಗೆ ಬಡಿದದ್ದೇ ತಡ, ಗಾಜಿನ ಹಾಗೆ ಎರಡು ತುಂಡಾಯಿತು.

ಇಕ್ಕಳ ಆ ತುಂಡುಗಳನ್ನು ಹೆಕ್ಕಿ ಹಳೇ ಕಬ್ಬಿಣದ ರಾಶಿಗೆ ಹಾಕುವ ಹೊತ್ತಿಗೆ, ದಂಡು ಇನ್ನೂ ಕೋಟೆಯ ಬಾಗಿಲು ಸಹ ದಾಟಿರಲಿಲ್ಲ.